ಬಯಲಿನಿಂದ ಶಾಲೆಗೆ: ಕರ್ನಾಟಕದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಬೆಳೆದ ಬಗೆ

ಸ್ವಾತಂತ್ರ್ಯ ದಿನದಂದು ತಾಲ್ಲೂಕು ಕ್ರೀಡಾಂಗಣದ ಪಥಸಂಚಲನದಲ್ಲಿ ಪೊಲೀಸರು, ಗೃಹರಕ್ಷಕರು, ಎನ್‌ಸಿಸಿ ಕೆಡೆಟ್‌ಗಳು ಸಾಗಿದ ಮೇಲೆ ಕೊರಳಿಗೆ ಸ್ಕಾರ್ಫ್ ಕಟ್ಟಿದ ಸ್ಕೌಟ್ಸ್, ಗೈಡ್ಸ್ ಮಕ್ಕಳು ಬರುತ್ತಾರೆ. ಅವರ ಹಿಂದೆಯೋ ಮುಂದೆಯೋ ಭಾರತ ಸೇವಾದಳದ ಮಕ್ಕಳಿರುತ್ತಾರೆ. ನೋಡುವವರಿಗೆ ಇವೆಲ್ಲವೂ ಸರ್ಕಾರವೇ ನಡೆಸುವ ಒಂದೇ ಬಗೆಯ ಕಾರ್ಯಕ್ರಮಗಳಂತೆ ಕಾಣುತ್ತವೆ. ಆದರೆ ಎನ್‌ಸಿಸಿ ರಕ್ಷಣಾ ಸಚಿವಾಲಯದ ಅಧೀನದಲ್ಲಿದೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದು ನೋಂದಾಯಿತ ಸ್ವಯಂಸೇವಾ ಸಂಸ್ಥೆ. ಅದರ ದಳಗಳಲ್ಲಿ ಹೆಚ್ಚಿನವು ಇರುವುದು ಶಾಲೆಗಳಲ್ಲಿ, ಅವುಗಳನ್ನು ನಡೆಸುವವರು ಶಿಕ್ಷಕರು, ನಡೆಯುವುದಕ್ಕೆ ಬೇಕಾದ ಹಣದಲ್ಲಿ ಸರ್ಕಾರದ ಅನುದಾನವೂ ಸೇರಿದೆ. ಇದು ಸಾಲದೆಂಬಂತೆ ಹಿಂದುಸ್ತಾನ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಬೇರೆ ಸಂಸ್ಥೆಯೊಂದು ಇರುವುದರಿಂದ, ಮಗನೋ ಮಗಳೋ ಯಾವುದಕ್ಕೆ ಸೇರಿದ್ದಾರೆಂಬುದು ಎಷ್ಟೋ ಪೋಷಕರಿಗೆ ಪ್ರಮಾಣಪತ್ರ ಕೈಗೆ ಬಂದಾಗಲೇ ಸ್ಪಷ್ಟವಾಗುತ್ತದೆ. ಈ ಗೋಜಲು ಇಂದು ನಿನ್ನೆಯದಲ್ಲ.

ಚಳವಳಿಯ ಮೂಲದಲ್ಲಿ ಶಾಲೆ ಇರಲಿಲ್ಲ. 13ನೇ ಹುಸಾರ್ಸ್ ಎಂಬ ಬ್ರಿಟಿಷ್ ಅಶ್ವದಳದ ತರುಣ ಅಧಿಕಾರಿಯಾಗಿ 1876ರಲ್ಲಿ ಲಕ್ನೋಗೆ ಬಂದಿಳಿದಿದ್ದ, ಮುಂದೆ 1897ರಲ್ಲಿ ಮತ್ತೊಂದು ಅಶ್ವದಳದ ಮುಖ್ಯಸ್ಥನಾಗಿ ಭಾರತಕ್ಕೆ ಮರಳಿದ ರಾಬರ್ಟ್ ಬೇಡನ್ ಪೊವೆಲ್, ಸೈನಿಕರಿಗೆ ಕಲಿಸಿದ ಬೇಹುಗಾರಿಕೆಯ ಪಾಠಗಳನ್ನು ಮಕ್ಕಳಿಗೆ ಹೊಂದುವಂತೆ ತಿದ್ದಿ, 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಂದಿಗೆ ಶಿಬಿರ ಹೂಡಿದರು. ಆ ಹುಡುಗರನ್ನು ಚಿಕ್ಕ ಚಿಕ್ಕ ಪ್ಯಾಟ್ರೋಲ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿ, ಹಿರಿಯರು ಸ್ವಲ್ಪ ದೂರ ನಿಂತದ್ದೇ ಆ ಪ್ರಯೋಗದ ತಿರುಳು. ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಅದು ನೆಲೆ ಕಂಡದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಹೀಗೆ ನಮ್ಮಲ್ಲಿ ಸ್ಕೌಟಿಂಗ್ ಕಾಲಿಟ್ಟದ್ದೇ ಶಾಲೆಯ ಬಾಗಿಲಿನಿಂದ. ಅದು ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಷ್ಟೇ ತೆರೆದಿದ್ದ ಬಾಗಿಲಾಗಿತ್ತು.

ಭಾರತೀಯ ಮಕ್ಕಳಿಗೆ ಪ್ರವೇಶ ಸಿಗದಿದ್ದುದರಿಂದ ಸಂಘಟನೆಗಳು ಪ್ರತ್ಯೇಕವಾಗಿ ಹುಟ್ಟಿದವು. ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಬಾಲಕರಿಗಾಗಿಯೇ ಒಂದು ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಲವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಸಂಘಟನೆಯನ್ನು ನಿಲ್ಲಿಸಿದರು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1917ರಲ್ಲಿ ಸ್ಕೌಟಿಂಗ್ ಆರಂಭವಾಯಿತು. ಅರಸರೇ ಬೆನ್ನಿಗೆ ನಿಂತದ್ದರಿಂದ ಇಲ್ಲಿ ಅದು ಪರಕೀಯರ ಆಟವೆನಿಸಲಿಲ್ಲ. ಬೇಡನ್ ಪೊವೆಲ್ 1921ರಲ್ಲಿ ಭಾರತಕ್ಕೆ ಬಂದಾಗ ಹಲವು ಸಂಘಗಳು ಒಂದಾದರೂ ಸೇವಾ ಸಮಿತಿ ಹೊರಗೇ ಉಳಿಯಿತು. ದೇವರು ಮತ್ತು ಚಕ್ರವರ್ತಿಗೆ ನಿಷ್ಠನಾಗಿರುತ್ತೇನೆಂಬ ಸ್ಕೌಟ್ ಪ್ರತಿಜ್ಞೆಯನ್ನು ಅಸಹಕಾರ ಚಳವಳಿಯ ಕಾಲದಲ್ಲಿ ಮಕ್ಕಳ ಬಾಯಲ್ಲಿ ಹೇಳಿಸುವುದು ಸುಲಭದ ಮಾತಾಗಿರಲಿಲ್ಲ.

ಅದೇ ಕಾಲದಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಬೇರೊಂದು ಉತ್ತರ ಸಿದ್ಧವಾಗುತ್ತಿತ್ತು. ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಕಟ್ಟಿದ, ಇಂದಿನ ಭಾರತ ಸೇವಾದಳದ ಮೂಲವಾದ ಹಿಂದುಸ್ತಾನಿ ಸೇವಾದಳ ಸಮವಸ್ತ್ರ, ಕವಾಯತು, ಶಿಬಿರ, ಸೇವೆ ಎಲ್ಲವನ್ನೂ ಇಟ್ಟುಕೊಂಡು ನಿಷ್ಠೆಯನ್ನು ಮಾತ್ರ ರಾಷ್ಟ್ರೀಯ ಚಳವಳಿಗೆ ತಿರುಗಿಸಿತು. ಹಳೆಯ ಮೈಸೂರಿನ ಕಡೆ ಸ್ಕೌಟ್ ದಳಗಳೂ ಹುಬ್ಬಳ್ಳಿ-ಧಾರವಾಡದ ಕಡೆ ಸೇವಾದಳವೂ ಆಳವಾಗಿ ಬೇರುಬಿಟ್ಟದ್ದರ ಹಿಂದೆ ಈ ಎರಡು ಆಡಳಿತಗಳ, ಎರಡು ನಿಷ್ಠೆಗಳ ಕಥೆಯಿದೆ ಎಂದು ನನಗನಿಸುತ್ತದೆ. ಇಂದಿಗೂ ಎಷ್ಟೋ ಶಾಲೆಗಳಲ್ಲಿ ಒಬ್ಬರೇ ದೈಹಿಕ ಶಿಕ್ಷಕರು ಎರಡರ ತರಬೇತಿಯನ್ನೂ ಪಡೆದಿರುತ್ತಾರೆ.

ಮುಂದಿನ ಹೆಜ್ಜೆಗಳನ್ನು ಬೇಗ ದಾಟಬಹುದು. ದೆಹಲಿಯ ಜಾಂಬೂರಿಗೆಂದು, ಅಂದರೆ ಸ್ಕೌಟ್‌ಗಳ ಮಹಾಮೇಳಕ್ಕೆಂದು, ಬೇಡನ್ ಪೊವೆಲ್ 1937ರಲ್ಲಿ ಬಂದುಹೋದ ಬೆನ್ನಿಗೇ 1938ರಲ್ಲಿ ಹಿಂದುಸ್ತಾನ್ ಸ್ಕೌಟ್ ಅಸೋಸಿಯೇಷನ್ ರೂಪುಗೊಂಡು ಒಡಕು ದೊಡ್ಡದಾಯಿತು. ಸ್ವಾತಂತ್ರ್ಯಾನಂತರ ನೆಹರು, ಮೌಲಾನಾ ಆಜಾದ್, ಕುಂಜ್ರು ಮೊದಲಾದವರ ಪ್ರಯತ್ನದಿಂದ ಬಾಲಕರ ಸಂಘಟನೆಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಹೆಸರಿನಲ್ಲಿ ಒಂದಾದವು. ಮರುವರ್ಷ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಕೂಡ ಸೇರಿಕೊಂಡಿತು. ಸಂಸ್ಥೆಯ ಧ್ವಜ ದಿನಾಚರಣೆಗೆ ನವೆಂಬರ್ 7 ಗೊತ್ತಾದದ್ದು ಆ ಮೊದಲ ವಿಲೀನದಿಂದಲೇ. ಬಳಿಕ 1956ರಲ್ಲಿ ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಮತ್ತು ಮೈಸೂರಿನ ಕನ್ನಡ ಪ್ರದೇಶಗಳು ಒಂದಾದಾಗ, ಬೇರೆ ಬೇರೆ ಆಡಳಿತಗಳ ಕೆಳಗೆ ಬೆಳೆದಿದ್ದ ದಳಗಳು ಒಂದೇ ರಾಜ್ಯ ಸಂಸ್ಥೆಯ ಲೆಕ್ಕಕ್ಕೆ ಬಂದವು. ಬೆಂಗಳೂರಿನ ಅರಮನೆ ರಸ್ತೆಯ ಪ್ರಧಾನ ಕಚೇರಿ, ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ದಾವಣಗೆರೆ ಬಳಿಯ ಕೊಂಡಜ್ಜಿಯ ಕೆರೆಯ ದಂಡೆಯ ಶಿಬಿರಸ್ಥಾನ, ಇವೆಲ್ಲ ಈ ರಾಜ್ಯ ಸಂಸ್ಥೆಯ ಆಸ್ತಿಯೂ ಹೆಗ್ಗಳಿಕೆಯೂ ಆದವು. ಕೊಂಡಜ್ಜಿ ಬಸಪ್ಪನವರಂಥ ರಾಜಕಾರಣಿಗಳು ಚಳವಳಿಯೊಂದಿಗೆ ಗುರುತಿಸಿಕೊಂಡಿದ್ದರಿಂದ ಸರ್ಕಾರದ ಬಾಗಿಲು ತಟ್ಟುವುದು ಕಷ್ಟವಾಗಲಿಲ್ಲ. ಅರಮನೆ ರಸ್ತೆಯ ಸಭಾಂಗಣಕ್ಕೆ ಅವರ ಹೆಸರೇ ಇದೆ.

ಇಷ್ಟಾದ ಮೇಲಿನ ಹಂತವೇ ನಿಜವಾದ ಬೆಳವಣಿಗೆಯ ಕಾಲ, ತೊಡಕು ಹುಟ್ಟಿದ ಕಾಲವೂ ಹೌದು. ಸ್ವಂತ ಮೈದಾನ, ಸ್ವಂತ ಕಾರ್ಯಕರ್ತರು ಇಲ್ಲದ ಚಳವಳಿಗೆ ಹಳ್ಳಿ ಹಳ್ಳಿಗೆ ತಲುಪಲು ಶಾಲೆಯಲ್ಲದೆ ಬೇರೆ ದಾರಿಯಿರಲಿಲ್ಲ. ಶಿಕ್ಷಕರನ್ನು ಮೂಲ ತರಬೇತಿಗೆ ಕಳುಹಿಸಿ, ಅವರು ಮರಳಿ ಬಂದು ದಳ ಆರಂಭಿಸಿ, ನೋಂದಣಿ ಶುಲ್ಕ ಕಟ್ಟಿ, ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾ ಸಂಸ್ಥೆಯ ಮೂಲಕ ರಾಜ್ಯಕ್ಕೆ ಲೆಕ್ಕ ಕೊಡುವ ವ್ಯವಸ್ಥೆ ನಿಂತಿತು. ಬೇರಾವ ರೀತಿಯಿಂದಲೂ ಸರ್ಕಾರಿ ಕನ್ನಡ ಶಾಲೆಯ ಹುಡುಗಿಯೊಬ್ಬಳಿಗೆ ಗುಡಾರದಲ್ಲಿ ಮಲಗಿ, ನಕ್ಷೆ ಹಿಡಿದು ನಡೆದು, ಬೇರೆ ರಾಜ್ಯದವರೊಡನೆ ಶಿಬಿರಾಗ್ನಿಯ ಸುತ್ತ ಹಾಡುವ ಅವಕಾಶ ಸಿಗುತ್ತಿರಲಿಲ್ಲ. ಇದನ್ನು ಕಡೆಗಣಿಸಿ ಶಾಲಾ ಸ್ಕೌಟಿಂಗನ್ನು ಹಳಿಯುವುದು ನ್ಯಾಯವಲ್ಲ.

ಆದರೆ ಶಾಲೆಯ ಲೆಕ್ಕಾಚಾರಕ್ಕೂ ಚಳವಳಿಯ ಏಣಿಗೂ ಹೊಂದಾಣಿಕೆ ಆಗಲೇ ಇಲ್ಲ. ಸ್ಕೌಟ್ ಅಥವಾ ಗೈಡ್ ವಿಭಾಗ ಮಗುವನ್ನು ಹತ್ತನೆಯ ವಯಸ್ಸಿಗೆ ಸೇರಿಸಿಕೊಂಡು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂದು ನಿಧಾನವಾಗಿ ಮೇಲೆ ಹತ್ತಿಸುವಂತೆ ಯೋಜಿತವಾಗಿದೆ; ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಇಂತಿಷ್ಟು ತಿಂಗಳು ಕಳೆಯಬೇಕು. ನಮ್ಮ ರಾಜ್ಯದಲ್ಲಾದರೋ ಹಿರಿಯ ಪ್ರಾಥಮಿಕ ಶಾಲೆ ಏಳು ಅಥವಾ ಎಂಟನೇ ತರಗತಿಗೆ ಮುಗಿಯುತ್ತದೆ, ಪ್ರೌಢಶಾಲೆ ಬೇರೆಯೇ ಕಟ್ಟಡ, ಬೇರೆಯೇ ಊರು ಆಗಿರುವುದೂ ಉಂಟು. ಐದನೇ ತರಗತಿಯಲ್ಲಿ ಸ್ಕಾರ್ಫ್ ಕಟ್ಟಿದ ಮಗು ಪ್ರೌಢಶಾಲೆಗೆ ಬಂದಾಗ ಅಲ್ಲಿ ದಳವಿಲ್ಲದಿದ್ದರೆ ಏಣಿ ಅಲ್ಲಿಗೇ ತುಂಡಾಯಿತು. ದಳವಿದ್ದರೂ ಹತ್ತನೇ ತರಗತಿಯನ್ನು ಎಸ್‌ಎಸ್‌ಎಲ್‌ಸಿ ನುಂಗಿಹಾಕುವುದರಿಂದ ಕೈಗೆ ಸಿಗುವುದು ಎಂಟು, ಒಂಬತ್ತನೇ ತರಗತಿಗಳು ಮಾತ್ರ. ಐದಾರು ವರ್ಷಗಳ ದಾರಿಯನ್ನು ಎರಡು ವರ್ಷಗಳಲ್ಲಿ ಮುಗಿಸಬೇಕಾದ ಅವಸರ ಹೀಗೆ ಹುಟ್ಟಿತು. ಇದರ ಜೊತೆಗೆ ತರಬೇತಾದ ಶಿಕ್ಷಕರಿಗೆ ವರ್ಗಾವಣೆಯಾದರೆ, ದಳದ ದಾಖಲೆ ಪುಸ್ತಕ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಉಳಿಯುತ್ತದೆ, ದಳ ಉಳಿಯುವುದಿಲ್ಲ.

ಅವಸರದ ಪರಿಣಾಮವನ್ನು ಪರೀಕ್ಷಾ ಶಿಬಿರಗಳಲ್ಲಿ ಹತ್ತಿರದಿಂದ ನೋಡಬಹುದು. ಕ್ಲೋವ್ ಹಿಚ್ ಎಂಬ ಗಂಟು ಇರುವುದು ಬೊಂಬುಗಳನ್ನು ಬಿಗಿಯುವ ಕಟ್ಟನ್ನು ಆರಂಭಿಸಲಿಕ್ಕೆ; ಆ ಕಟ್ಟಿನಿಂದ ಮೂರು ಕಾಲಿನ ಮುಕ್ಕಾಲಿಯನ್ನೋ ತಟ್ಟೆ ಜೋಡಿಸುವ ಚೌಕಟ್ಟನ್ನೋ ನಿಲ್ಲಿಸಿ, ಭಾರ ಹೊರಿಸಿ, ಜಾರದಿದ್ದರೆ ಗಂಟು ಸರಿಯಾಗಿದೆ ಎಂದರ್ಥ. ಬೆಂಚಿನ ಕಾಲಿಗೆ ಒಂದೂವರೆ ಮಾರು ಹಗ್ಗ ಸುತ್ತಿ ಪರೀಕ್ಷಕರಿಗೆ ತೋರಿಸಿ ಅಂಕ ಪಡೆದ ಹುಡುಗನಿಗೂ ಗಂಟು ಬರುತ್ತದೆ, ಆದರೆ ಅದು ಏತಕ್ಕೆಂದು ಅವನಿಗೆ ಯಾರೂ ತೋರಿಸಿಲ್ಲ. ಪಾತ್ರೆಯಿಲ್ಲದ ಅಡುಗೆಯೂ ಹಾಗೆಯೇ. ಆಲೂಗಡ್ಡೆಗೆ ಮಣ್ಣು ಮೆತ್ತಿ ಕೆಂಡದಲ್ಲಿ ಹೂತು, ಎಷ್ಟು ಹೊತ್ತಿಗೆ ತೆಗೆಯಬೇಕೆಂದು ಎಂಟು ಮಕ್ಕಳು ತಮ್ಮತಮ್ಮಲ್ಲೇ ಜಗಳವಾಡಿ, ಅರ್ಧ ಬೆಂದದ್ದನ್ನು ತಿಂದರೆ ಅದು ಪ್ಯಾಟ್ರೋಲ್. ಅದೇ ಅಡುಗೆಯ ವಿಧಾನವನ್ನು ಲಾಗ್ ಪುಸ್ತಕದಲ್ಲಿ ಬಣ್ಣದ ಪೆನ್ನಿನಿಂದ ಅಂದವಾಗಿ ಬರೆದರೆ ಅದು ಇನ್ನೊಂದು ಹೋಂವರ್ಕ್. ಆರರಿಂದ ಎಂಟು ಮಕ್ಕಳ ಗುಂಪು ತನ್ನ ತೀರ್ಮಾನವನ್ನು ತಾನೇ ಮಾಡುವ ಪದ್ಧತಿ ಕಾಗದದ ಮೇಲೆ ಇಂದಿಗೂ ಇದೆ, ಆದರೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಅದಕ್ಕೆ ಸಮಯವಿಲ್ಲ. ಸೀಟಿ ಊದಿ ಸಾಲು ನಿಲ್ಲಿಸುವುದು ಸುಲಭ.

ಪುರಸ್ಕಾರಗಳಿಗೆ ಲೌಕಿಕ ಬೆಲೆ ಬಂದದ್ದು ಈ ಅವಸರಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ವೃತ್ತಿಶಿಕ್ಷಣ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಎನ್‌ಸಿಸಿ, ಕ್ರೀಡೆಗಳ ಜೊತೆ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ವಿಶೇಷ ವರ್ಗವಾಗಿದೆ. ರೈಲ್ವೆ ನೇಮಕಾತಿಯಲ್ಲೂ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ಬಡ ಕುಟುಂಬದ ಮಗುವಿಗೆ ಇದು ಸಣ್ಣ ಸಹಾಯವಲ್ಲ, ತಪ್ಪೂ ಅಲ್ಲ. ಆದರೂ ಕೊನೆಯ ಪ್ರಮಾಣಪತ್ರದ ಮೇಲೆ ಕಣ್ಣಿಟ್ಟು ಸೇರುವವರು ಹೆಚ್ಚಾದಷ್ಟೂ ನಡುವಿನ ಮೆಟ್ಟಿಲುಗಳು ಬರೀ ದಾಟಿಹೋಗುವ ಮೆಟ್ಟಿಲುಗಳಾಗುವುದು ಸಹಜ.

ಈಚಿನ ವರ್ಷಗಳಲ್ಲಿ ರಾಜ್ಯದ ಸ್ಕೌಟಿಂಗ್ ಸುದ್ದಿಯಾಗಿರುವುದು ಹೆಚ್ಚಾಗಿ ಮಹಾಮೇಳಗಳಿಂದ. ಮೈಸೂರಿನ ಬಳಿಯ ಅಡಕನಹಳ್ಳಿಯಲ್ಲಿ 2016ರ ಡಿಸೆಂಬರ್ ಕೊನೆಯಿಂದ 2017ರ ಜನವರಿ ಮೊದಲ ವಾರದವರೆಗೆ 17ನೇ ರಾಷ್ಟ್ರೀಯ ಜಾಂಬೂರಿ ನಡೆಯಿತು. ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ 2022ರ ಡಿಸೆಂಬರ್ 21ರಿಂದ 27ರವರೆಗೆ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ ಭಾಗವಹಿಸಿದವರನ್ನು ಸಂಘಟಕರು ಹತ್ತು ಸಾವಿರಗಳ ಲೆಕ್ಕದಲ್ಲಿ ಎಣಿಸಿದರು. ಅಷ್ಟು ಮಕ್ಕಳಿಗೆ ಊಟ, ನೀರು, ಶೌಚಾಲಯ, ವಸತಿ ಒದಗಿಸಿದ್ದು ದೊಡ್ಡ ಸಾಧನೆಯೇ. ಆದರೆ ಜಾಂಬೂರಿ ಎಂದರೆ ವರ್ಷವಿಡೀ ದಳದಲ್ಲಿ ಕಲಿತವರು ಒಂದೆಡೆ ಸೇರುವ ಹಬ್ಬ. ಅಲ್ಲಿ ಮಕ್ಕಳು ವೇದಿಕೆಯ ಮುಂದಿನ ಪ್ರೇಕ್ಷಕರಾಗಿ ಎಷ್ಟು ಹೊತ್ತು ಕಳೆದರು, ತಮ್ಮ ಗುಡಾರದ ಮುಂದೆ ತಾವೇ ಏನಾದರೂ ಕಟ್ಟುತ್ತ ಎಷ್ಟು ಹೊತ್ತು ಕಳೆದರು ಎಂಬ ಲೆಕ್ಕವನ್ನು ಯಾವ ವರದಿಯೂ ಕೊಡುವುದಿಲ್ಲ.

ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಶಾಲೆಯನ್ನೇ ನೆಚ್ಚಿದ್ದ ದಳಗಳ ವಾರದ ಸಭೆಯೂ ನಿಂತಿತು. ಒಂದು ತಂಡದ ಎಂಟು, ಒಂಬತ್ತನೇ ತರಗತಿಗಳೆರಡೂ ಹಾಗೆಯೇ ಕಳೆದುಹೋದವು. ಶಾಲೆಗೆ ಸೇರದ ಮುಕ್ತ ದಳಗಳಿಗೆ ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿದೆ: ತರಬೇತಿ ಪಡೆದ ಒಬ್ಬ ಹಿರಿಯರು, ಸೇರಲು ಒಂದು ಜಾಗ, ಬೆಂಬಲಕ್ಕೆ ನಿಲ್ಲುವ ಒಂದಿಷ್ಟು ಜನ ಇದ್ದರೆ ಬಡಾವಣೆಯ ಉದ್ಯಾನದಲ್ಲೋ ಊರಿನ ಸಮುದಾಯ ಭವನದಲ್ಲೋ ದಳ ನಡೆಸಬಹುದು. ಇಂಥ ದಳದಲ್ಲಿ ಏಳನೇ ತರಗತಿ ಮುಗಿದ ಕೂಡಲೇ ಮಗು ಹೊರಗುಳಿಯಬೇಕಾಗಿಲ್ಲ, ಶಿಕ್ಷಕರ ವರ್ಗಾವಣೆಯ ಭಯವೂ ಇಲ್ಲ. ಶಾಲಾ ದಳಗಳ ನಡುವೆ ಇವು ಇನ್ನೂ ವಿರಳ. ಇರುವವನ್ನು ನಡೆಸುತ್ತಿರುವವರಲ್ಲಿ ನಿವೃತ್ತ ಶಿಕ್ಷಕರೂ ಹಳೆಯ ರೋವರ್‌ಗಳೂ (ತರುಣರ ವಿಭಾಗದ ಸ್ಕೌಟ್‌ಗಳು) ಇದ್ದಾರೆ. ಭಾನುವಾರ ಬೆಳಿಗ್ಗೆ ಟ್ಯೂಷನ್ ಇರುವ ಕಡೆ ಅವರು ದಳದ ಸಭೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ.