ಮೊದಲು ಬಿಸಿ, ಆಮೇಲೆ ಹಾಲು

ಡಿಸೆಂಬರಿನ ಒಂದು ಬೆಳಗ್ಗೆ ಆರೂವರೆ. ಮಂಡ್ಯದ ಹತ್ತಿರದ ನಮ್ಮ ಅತ್ತೆಯವರ ಆಲೆಮನೆಯಲ್ಲಿ ಒಲೆಗೆ ಹಾಕಲು ಒಣ ಕಬ್ಬಿನ ಸಿಪ್ಪೆ ಎತ್ತುತ್ತಿದ್ದವರು ಕೂಗಿಕೊಂಡರು. ರಾಶಿಯ ಒಳಗೆ ನಾಲ್ಕು ಬೆಕ್ಕಿನ ಮರಿ. ತಾಯಿ ಹಿಂದಿನ ಸಂಜೆ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತಿತ್ತು. ಅದಕ್ಕೆ ಮರಿಗಳಿರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಮೂರು ಮರಿ ಆಗಲೇ ಸೆಟೆದುಕೊಂಡಿದ್ದವು. ನಾಲ್ಕನೆಯದೂ ಅಂಗೈಗೆ ತಣ್ಣಗೇ ಇತ್ತು. ಆದರೆ ಆಗಾಗ ಬಾಯಿ ತೆರೆಯುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಹೊಕ್ಕುಳಲ್ಲಿ ಒಣಗಿದ ಬಳ್ಳಿಯ ತುಂಡು ಇನ್ನೂ ಅಂಟಿಕೊಂಡಿತ್ತು. ಅದು ಸಾಮಾನ್ಯವಾಗಿ ಐದು ದಿನದೊಳಗೆ ಉದುರಿಹೋಗುತ್ತದೆ. ಅಂದರೆ ಮರಿಗೆ ವಾರವೂ ತುಂಬಿಲ್ಲ.

"ಒಂದ್ ತೊಟ್ಟು ಹಾಲ್ ಬುಡ್ಲಾ, ಜೀವ ಹೋಯ್ತದೆ" ಅಂದರು ಅತ್ತೆ. ಯಾರಿಗೇ ಆದರೂ ಮೊದಲು ಹೊಳೆಯುವುದು ಅದೇ. ಆ ಹೊತ್ತಿನಲ್ಲಿ ಮರಿಯ ಜೀವ ತೆಗೆಯುವುದೂ ಅದೇ.

ಹುಟ್ಟಿದ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಒಂದು ದೊಡ್ಡ ಟೊಮೆಟೊ ಹಣ್ಣಿನಷ್ಟು. ಇಷ್ಟು ಸಣ್ಣ ಮೈಯಲ್ಲಿ ಶಾಖ ನಿಲ್ಲುವುದಿಲ್ಲ. ಇದನ್ನು ಆಲೆಮನೆಯವರಿಗೆ ವಿವರಿಸುವ ಅಗತ್ಯವೇ ಇಲ್ಲ. ಕೊಪ್ಪರಿಗೆ ತುಂಬ ಇರುವ ಪಾಕ ಬೆಂಕಿ ಆರಿದ ಮೇಲೂ ಎಷ್ಟೋ ಹೊತ್ತು ಬಿಸಿಯಾಗೇ ಇರುತ್ತದೆ. ಅದೇ ಪಾಕದ ಒಂದು ತೊಟ್ಟು ನೆಲಕ್ಕೆ ಬಿದ್ದರೆ ನೋಡುನೋಡುತ್ತಿದ್ದಂತೆ ತಣ್ಣಗಾಗುತ್ತದೆ. ಮೈಯ ತೂಕ ಕಡಿಮೆಯಾದಷ್ಟೂ ಅದಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಶಾಖ ಸೋರಿಹೋಗುವುದು ಚರ್ಮದಿಂದಲೇ ಅಲ್ವಾ? ಜೊತೆಗೆ ಮೊದಲ ವಾರ ಮರಿಗೆ ಚಳಿಗೆ ನಡುಗಲೂ ಬರುವುದಿಲ್ಲ. ಮೂರು ನಾಲ್ಕು ವಾರ ಕಳೆಯುವ ತನಕ ತಾಯಿಯ ಹೊಟ್ಟೆ, ಒಡಹುಟ್ಟಿದವರ ಬೆನ್ನು, ಇವೇ ಅದರ ಕಂಬಳಿ.

ಮೈ 34-35 ಡಿಗ್ರಿಗಿಂತ ಕೆಳಗಿಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಕುಡಿಸಿದ ಹಾಲು ಅರಗದೆ ಹೊಟ್ಟೆಯಲ್ಲೇ ನಿಂತು, ಹುಳಿತು ಉಬ್ಬರಿಸುತ್ತದೆ. ತಣ್ಣಗಾದ ಮರಿಗೆ ಚೀಪುವ ಶಕ್ತಿಯೂ ಇರುವುದಿಲ್ಲವಾದ್ದರಿಂದ ಹಾಲು ಶ್ವಾಸಕೋಶಕ್ಕೂ ಇಳಿಯಬಹುದು. ಕಿರುಬೆರಳಿನ ತುದಿಯನ್ನು ಮರಿಯ ಬಾಯಿಗಿಟ್ಟು ನೋಡಿದೆ. ಒಳಗೆ ತಣ್ಣಗಿತ್ತು. ನಾಲಿಗೆ ಬೆರಳನ್ನು ಹಿಡಿಯಲೇ ಇಲ್ಲ.

ಹಾಗಂತ ಒಲೆ ಪಕ್ಕ ಮಲಗಿಸುವುದೂ ತಪ್ಪು. ಬಿಸಿ ನಿಧಾನವಾಗಿ ಏರಬೇಕು. ಮರಿಯನ್ನು ಶರ್ಟಿನೊಳಗೆ ಎದೆಗೆ ಒತ್ತಿಕೊಂಡು ಕೂತೆ. ಆಮೇಲೆ ರಟ್ಟಿನ ಡಬ್ಬದಲ್ಲಿ ಹಳೇ ಸೀರೆ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗೆ ಮಾತ್ರ ಇಟ್ಟೆವು. ಇನ್ನೊಂದು ಬದಿ ಖಾಲಿ. ಸೆಕೆ ಆದರೆ ತೆವಳಿಕೊಂಡು ಆ ಕಡೆಗೆ ಹೋಗಲು ಜಾಗ ಬೇಕು. ಮೊದಲ ವಾರ ಗೂಡು 30-32 ಡಿಗ್ರಿ ಇರಬೇಕು. ಮಂಡ್ಯದ ಮಾಗಿ ಬೆಳಗಿನಲ್ಲಿ ಹೊರಗೆ ಅದರ ಅರ್ಧದಷ್ಟೇ ಇರುತ್ತದೆ. ಒಂದೂವರೆ ಗಂಟೆಯ ನಂತರ ಮರಿ ಮೊದಲ ಸಲ ಅರಚಿತು. ಬೆರಳಿಟ್ಟರೆ ಗಟ್ಟಿಯಾಗಿ ಹಿಡಿದು ಚೀಪಿತು.

ಅಷ್ಟರಲ್ಲಿ ಅತ್ತೆಯ ಮಗ ಮೈಸೂರಿನಿಂದ ಬೆಕ್ಕಿನ ಮರಿಗೆಂದೇ ಮಾಡುವ ಹಾಲಿನ ಪುಡಿ ತಂದಿದ್ದ. ಕೊಟ್ಟಿಗೆಯಲ್ಲಿ ಎರಡು ಹಸು ಕರೆಯುತ್ತಿರುವಾಗ ಬೆಕ್ಕಿಗೆ ಪುಡಿ ಹಾಲು ಯಾಕೆ ಅಂತ ಅತ್ತೆಗೆ ಸಿಟ್ಟು. ಆದರೆ ಹಸುವಿನ ಹಾಲು ಇರುವುದು ಕರುವಿಗೆ. ಅದರಲ್ಲಿ ಪ್ರೋಟೀನು ಶೇಕಡಾ 3ರ ಆಸುಪಾಸು. ಬೆಕ್ಕಿನ ಹಾಲಿನಲ್ಲಿ ಅದಕ್ಕೆ ಎರಡರಷ್ಟು. ಹಸುವಿನ ಹಾಲಿನಲ್ಲೇ ಅಷ್ಟು ಪ್ರೋಟೀನು ಸಿಗಬೇಕೆಂದರೆ ಜಾಸ್ತಿ ಕುಡಿಸಬೇಕು. ಜಾಸ್ತಿ ಕುಡಿಸಿದರೆ ಅದರೊಂದಿಗೆ ಲ್ಯಾಕ್ಟೋಸ್ ಸಕ್ಕರೆಯೂ ಜಾಸ್ತಿಯಾಗಿ ಭೇದಿ ಶುರುವಾಗುತ್ತದೆ. 100 ಗ್ರಾಂ ಮೈಗೆ ಒಂದು ದಿನದ ಭೇದಿ ಸಾಕು.

ಇನ್ನೊಂದು ಕೊರತೆ ಟಾರಿನ್‌ನದು. ಬೆಕ್ಕು ಈ ಪೋಷಕಾಂಶವನ್ನು ತನ್ನ ಮೈಯಲ್ಲೇ ಸಾಕಷ್ಟು ತಯಾರಿಸಿಕೊಳ್ಳಲಾರದು. ತಿಂಗಳುಗಟ್ಟಲೆ ಸಿಗದೇ ಹೋದರೆ ಕಣ್ಣೂ ಹೃದಯವೂ ಕೆಡುತ್ತವೆ. ತಮಾಷೆಯೆಂದರೆ, ಅದನ್ನು 1827ರಲ್ಲಿ ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಹೋರಿಯ ಲ್ಯಾಟಿನ್ ಹೆಸರನ್ನೇ ಅದಕ್ಕೆ ಇಟ್ಟರು. ಹಸುವಿನ ಹಾಲಿನಲ್ಲಿ ಮಾತ್ರ ಅದು ಇರುವುದು ತೀರಾ ಸ್ವಲ್ಪ.

ಕುಡಿಸುವಾಗಲೂ ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ನಾನು ಸಿರಿಂಜು ತೊಳೆದು ಬರುವಷ್ಟರಲ್ಲಿ ಅತ್ತೆ ಅಟ್ಟದಿಂದ ಒಳಲೆ ಇಳಿಸಿ, ಕಾಲು ಚಾಚಿ, ಮರಿಯನ್ನು ಕೂಸಿನ ಹಾಗೆ ಅಂಗಾತ ಮಲಗಿಸಿಕೊಂಡಿದ್ದರು. ಮೂರು ಮಕ್ಕಳನ್ನು ಅದೇ ಒಳಲೆಯಲ್ಲಿ ಬೆಳೆಸಿದ ಕೈ. ಆದರೆ ಬೆಕ್ಕಿನ ಮರಿ ತಾಯಿಯ ಹತ್ತಿರ ಹಾಲು ಕುಡಿಯುವುದು ಬೋರಲಾಗಿ, ಕತ್ತು ಸ್ವಲ್ಪ ಎತ್ತಿ. ಅಂಗಾತ ಮಲಗಿಸಿ ಸುರಿದರೆ ಹಾಲು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮಡಿಲಲ್ಲಿ ಬಟ್ಟೆ ಹಾಸಿ ಬೋರಲು ಮಲಗಿಸಿದೆವು. ಸಿರಿಂಜಿನ ತುದಿಯಿಂದ ಒಂದೊಂದೇ ತೊಟ್ಟು. ಮುಂಗಾಲೆರಡೂ ಗಾಳಿಯನ್ನೇ ನಾದತೊಡಗಿದವು. ತಾಯಿಯ ಹೊಟ್ಟೆ ಒತ್ತಿ ಹಾಲಿಳಿಸುವ ಅಭ್ಯಾಸ ಅದು. ಒಂದು ಹೊತ್ತಿಗೆ ಸುಮಾರು 4 ಎಂಎಲ್, ಎರಡೂವರೆ ಗಂಟೆಗೊಮ್ಮೆ, ರಾತ್ರಿಯೂ ಬಿಡುವಂತಿಲ್ಲ. ರಾತ್ರಿ ಕಬ್ಬು ಅರೆಯುವವರಿಗೂ ನನಗೂ ಒಂದೇ ಹೊತ್ತಿಗೆ ಟೀ ಬರುತ್ತಿತ್ತು.

ಹಾಲಾದ ಮೇಲಿನ ಕೆಲಸ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಇಷ್ಟು ಚಿಕ್ಕ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ಬಾಲದ ಕೆಳಗೆ ನೆಕ್ಕಿದರೆ ಮಾತ್ರ ನರಗಳಿಗೆ ಅಪ್ಪಣೆ ಸಿಗುತ್ತದೆ. ಹೊರಬಂದದ್ದನ್ನು ತಾಯಿಯೇ ನೆಕ್ಕಿ ಮುಗಿಸುತ್ತದೆ. ಗೂಡು ವಾಸನೆ ಬರುವುದಿಲ್ಲ, ನಾಯಿಗೆ ಸುಳಿವು ಸಿಗುವುದಿಲ್ಲ. ನಮಗಿದ್ದ ನಾಲಿಗೆ ಎಂದರೆ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿ. ಮೆಲ್ಲಗೆ ಸವರಿದರೆ ಅರ್ಧ ನಿಮಿಷದಲ್ಲಿ ಹತ್ತಿ ಹಳದಿಯಾಗುತ್ತಿತ್ತು. ಇದನ್ನು ಮರೆತರೆ ಎಷ್ಟು ಒಳ್ಳೆಯ ಹಾಲು ಕುಡಿಸಿಯೂ ಉಪಯೋಗವಿಲ್ಲ.

ತೂಕಕ್ಕೆ ಅತ್ತೆಯ ಸೊಸೆ ಕೇಕ್ ಮಾಡಲು ತಂದಿಟ್ಟಿದ್ದ ತಕ್ಕಡಿ ಸಿಕ್ಕಿತು. ಮೊದಲ ದಿನ 94 ಗ್ರಾಂ. ಎರಡನೇ ದಿನ 93. ಮೂರನೇ ದಿನ 104. ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಸರಿ. ಮರಿ ಸೊರಗುವುದು ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ.

ಈ ಮರಿಗೆ ಒಂದು ಅದೃಷ್ಟವಂತೂ ಇತ್ತು. ಕೆಲವು ದಿನವಾದರೂ ತಾಯಿಯ ಹಾಲು ಕುಡಿದಿತ್ತು. ಹಸು ಕರು ಹಾಕಿದಾಗ ನಾವು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ತಿನ್ನುವ ಗಿಣ್ಣು ಹಾಲು ನಿಜಕ್ಕೂ ಕರುವಿನ ರೋಗ ತಡೆಯುವ ಮದ್ದು. ಬೆಕ್ಕಿನಲ್ಲೂ ಅಷ್ಟೇ. ಗರ್ಭದಲ್ಲಿರುವಾಗ ತಾಯಿಯ ರಕ್ತದಿಂದ ಮರಿಗೆ ದಾಟುವ ರಕ್ಷಣೆ ಬಹಳ ಕಡಿಮೆ. ಹೆಚ್ಚಿನದೆಲ್ಲ ಮೊದಲ ದಿನದ ಗಿಣ್ಣಿನಿಂದಲೇ ಬರಬೇಕು. ಆಮೇಲೆ ಕರುಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮಂಡ್ಯದವನಾಗಿ ಇಲ್ಲಿ ಮೇಲುಕೋಟೆ ನೆನಪಾಗದೆ ಇರುತ್ತದೆಯೇ? ಶ್ರೀವೈಷ್ಣವರು ಶರಣಾಗತಿಗೆ ಎರಡು ನ್ಯಾಯ, ಅಂದರೆ ಹೋಲಿಕೆ, ಹೇಳುತ್ತಾರೆ. ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿಕೊಳ್ಳುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಕತ್ತಿನ ಚರ್ಮ ಹಿಡಿದು ಎತ್ತಿದಾಗ ಮರಿ ಕೈಕಾಲು ಮುದುರಿ ಸುಮ್ಮನಾಗುವುದು ನಿಜ. ಆದರೆ ಉಳಿದ ಹೊತ್ತಿನಲ್ಲಿ ಅದು ಏನೂ ಮಾಡುವುದಿಲ್ಲ ಅನ್ನುವುದನ್ನು ಒಪ್ಪಲಾರೆ. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಮೂಗಿನಿಂದಲೇ ಗೂಡಿನ ದಾರಿ ಹಿಡಿಯುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಹೆಚ್ಚಿನ ಮರಿಗಳು ಒಂದೊಂದು ಮೊಲೆಯನ್ನು ತಮ್ಮದು ಅಂತ ಮಾಡಿಕೊಂಡಿರುತ್ತವೆ. ನಮ್ಮ ಮರಿಯಂತೂ ಸೀರೆ ಬದಲಿಸಿದ ದಿನ ಡಬ್ಬದ ತುಂಬ ತೆವಳಿ ರಂಪ ಮಾಡಿತು. ಹಳೇ ಸೀರೆಯ ಚೂರು ಹಾಕಿದ ಮೇಲೇ ನಿದ್ದೆ.

ಅಂದಹಾಗೆ, ಒಂಟಿ ಮರಿ ಕಂಡ ತಕ್ಷಣ ಎತ್ತಿಕೊಂಡು ಓಡಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ಲ, ಲೆಕ್ಕ ಹೇಗೋ, ತಿರುಗಿಸುವುದಂತೂ ಹೌದು. ಒಂದೊಂದನ್ನೇ ಸಾಗಿಸುವಾಗ ಕೊನೆಯದು ಸ್ವಲ್ಪ ಹೊತ್ತು ಒಂಟಿಯಾಗಿರುತ್ತದೆ. ಮೈ ಬೆಚ್ಚಗಿದ್ದು ಸುಮ್ನೆ ಮಲಗಿದ್ದರೆ ದೂರ ನಿಂತು ಕಾಯಿರಿ. ಮನುಷ್ಯರು ಮುಟ್ಟಿದರು ಅನ್ನುವ ಒಂದೇ ಕಾರಣಕ್ಕೆ ತಾಯಿ ಮರಿಯನ್ನು ಬಿಡುವುದಿಲ್ಲ. ಮೈ ತಣ್ಣಗಿದ್ದರೆ ಮಾತ್ರ ಕಾಯುತ್ತಾ ನಿಲ್ಲಬೇಡಿ.

ಆರನೇ ದಿನ ಎಡಗಣ್ಣು ಸೀಳಿನಂತೆ ಬಿರಿಯಿತು, ಎಂಟನೇ ದಿನ ಬಲಗಣ್ಣು. ಎರಡೂ ನೀಲಿ. ಎಲ್ಲ ಮರಿಗಳದ್ದೂ ಹಾಗೇ, ಬಣ್ಣ ತುಂಬುವುದು ಆಮೇಲೆ. ಮೂರು ವಾರ ಕಳೆದ ಮೇಲೆ ಒಂದು ತಟ್ಟೆಯಲ್ಲಿ ಮರಳು ಹಾಕಿ ಡಬ್ಬದ ಪಕ್ಕ ಇಟ್ಟೆವು. ಎರಡು ದಿನ ಅದರಲ್ಲಿ ಬರೀ ಮಲಗಿತು. ಮೂರನೇ ದಿನ ಮೂಲೆಯಲ್ಲಿ ಕೆರೆದು, ಕೂತು, ಎದ್ದು, ಮೂಸಿ ನೋಡಿ, ಮರಳನ್ನು ತಪ್ಪು ಕಡೆಗೆ ಎಳೆಯಿತು.

ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಇನ್ನ ನಿನ್ ಹತ್ತಿ ಎತ್ತಿಡಪ್ಪ" ಅಂದರು.