ಬೋರ್ಡೋ ದ್ರಾವಣದಿಂದ ಪ್ರಯೋಗದ ಫ್ಲಾಸ್ಕಿಗೆ: ಶಿಲೀಂಧ್ರ ಕಿಣ್ವಗಳ ಹಿನ್ನೆಲೆ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಎಲೆತುಕ್ಕು ರೋಗ ತಡೆಯಲು ಮುಂಗಾರಿಗೆ ಮೊದಲು ಸಿಂಪಡಿಸುವ ಶೇ 0.5ರ ಬೋರ್ಡೋ ದ್ರಾವಣದ ಪ್ರತಿ ಲೀಟರಿನಲ್ಲಿ 5 ಗ್ರಾಂ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ಶಿಲೀಂಧ್ರವನ್ನು ಅಡಗಿಸುವ ಅದೇ ಮೈಲುತುತ್ತವನ್ನು ಲೀಟರಿಗೆ ಸುಮಾರು ಕಾಲು ಗ್ರಾಂನಷ್ಟು ಶಿಲೀಂಧ್ರ ಬೆಳೆಸುವ ಪೋಷಕ ಮಾಧ್ಯಮಕ್ಕೆ ಬೆರೆಸಿದರೆ, ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಅಣಬೆಗಳು ಲ್ಯಾಕೇಸ್ ಎಂಬ ಕಿಣ್ವವನ್ನು ಹಲವು ಪಟ್ಟು ಹೆಚ್ಚು ಸ್ರವಿಸುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಘಟಕಗಳ ತೊಳೆದ ನೀರಿನಲ್ಲಿರುವ ಫೀನಾಲ್ ಸಂಯುಕ್ತಗಳನ್ನು ಆಕ್ಸಿಡೀಕರಿಸಬಲ್ಲ ಕಿಣ್ವವಾದ್ದರಿಂದ ಇದು ಮಲೆನಾಡಿಗೆ ಸಂಬಂಧಿಸಿದ ಸಂಗತಿಯೂ ಹೌದು.

ಶಿಲೀಂಧ್ರದಿಂದ ಕಿಣ್ವ ತೆಗೆಯುವ ಯತ್ನ ಹಳೆಯದು. ಜಪಾನಿನ ರಸಾಯನವಿಜ್ಞಾನಿ ಜೋಕಿಚಿ ತಕಾಮಿನೆ ಗೋಧಿ ತೌಡಿನ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರ ಬೆಳೆಸಿ ತೆಗೆದ, ಪಿಷ್ಟವನ್ನು ಸಕ್ಕರೆಯಾಗಿಸುವ ಡಯಾಸ್ಟೇಸ್ ಕಿಣ್ವಕ್ಕೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಸೈನ್ಯದ ಹತ್ತಿಬಟ್ಟೆಯನ್ನು ತಿಂದುಹಾಕುತ್ತಿದ್ದ ಟ್ರೈಕೋಡರ್ಮಾ ಶಿಲೀಂಧ್ರ ಅಮೆರಿಕದ ಸೇನಾ ಪ್ರಯೋಗಾಲಯ ಸೇರಿದ ಮೇಲೆ ಕಿಣ್ವವನ್ನು ಹೆಚ್ಚು ಸ್ರವಿಸುವಂತೆ ಶಿಲೀಂಧ್ರವನ್ನು ಪ್ರಚೋದಿಸುವುದು ಹೇಗೆಂಬುದೇ ಪ್ರಶ್ನೆಯಾಯಿತು. ಗ್ಲೂಕೋಸ್ ಧಾರಾಳವಾಗಿ ಸಿಕ್ಕಾಗ ಅದು ಹತ್ತಿಯ ನಾರನ್ನು ಒಡೆಯುವ ಸೆಲ್ಯುಲೇಸ್ ಕಿಣ್ವ ತಯಾರಿಸುವುದನ್ನೇ ನಿಲ್ಲಿಸುತ್ತಿತ್ತು. ಬಡಿಸಿದ ಎಲೆ ಮುಂದಿರುವಾಗ ಒಲೆ ಹಚ್ಚುವವರಾರು? 1962ರಲ್ಲಿ ಆ ಸೇನಾ ಪ್ರಯೋಗಾಲಯದ ಮೇರಿ ಮ್ಯಾಂಡಲ್ಸ್, ಎಲ್ವಿನ್ ರೀಸ್ ಮತ್ತು ಸಂಗಡಿಗರು ಸೊಫೊರೋಸ್ ಎಂಬ ಸಕ್ಕರೆ ಅತ್ಯಲ್ಪ ಪ್ರಮಾಣದಲ್ಲೇ ಈ ಕಿಣ್ವವನ್ನು ಪ್ರಚೋದಿಸುತ್ತದೆಂದು ತೋರಿಸಿದರು. ಆದರೆ ಅದು ದುಬಾರಿ. ಕೈಗೆಟುಕಿದ್ದು ಹಾಲೊಡಕಿನಲ್ಲಿರುವ ಲ್ಯಾಕ್ಟೋಸ್. 1969ರಲ್ಲಿ ಟ್ವೀನ್ 80 ಎಂಬ, ಸೋಪಿನ ಗುಣವುಳ್ಳ ವಸ್ತುವಿನ ಸರದಿ. ಜೀವಕೋಶದ ಪೊರೆಯನ್ನು ಸಡಿಲಿಸಿ ಕಿಣ್ವ ಹೊರಬರಲು ಅದು ನೆರವಾಗುತ್ತದೆಂಬ ವಿವರಣೆ ಇಂದಿಗೂ ಬಳಕೆಯಲ್ಲಿದೆ.

ತಾಮ್ರದ ಪಾತ್ರ ಇವೆಲ್ಲಕ್ಕಿಂತ ಕುತೂಹಲಕರವಾದುದು. ಲ್ಯಾಕೇಸ್‌ನ ಪ್ರತಿ ಅಣುವಿನಲ್ಲಿ ನಾಲ್ಕು ತಾಮ್ರದ ಪರಮಾಣುಗಳಿರುವುದರಿಂದ ತಾಮ್ರ ಕಚ್ಚಾವಸ್ತುವೂ ಹೌದು, ಕಿಣ್ವದ ಜೀನನ್ನು ಚುರುಕುಗೊಳಿಸುವ ಸಂಕೇತವೂ ಹೌದು. ಆದರೆ ಪ್ರಮಾಣ ಮೀರಿದರೆ ಬೆಳವಣಿಗೆಯೇ ಕುಂಠಿತವಾಗುವುದರಿಂದ, ಶಿಲೀಂಧ್ರ ಒಂದಿಷ್ಟು ಬೆಳೆದು ನಿಂತ ಮೇಲೆ ತಾಮ್ರ ಸೇರಿಸುವ ಕ್ರಮವನ್ನು ಹಲವರು ಅನುಸರಿಸುತ್ತಾರೆ. ಕ್ಸಿಲಿಡಿನ್ ಎಂಬ ರಾಸಾಯನಿಕದಂಥ ಪ್ರಚೋದಕಗಳೂ ಫಲ ಕೊಡುತ್ತವೆ, ಆದರೆ ಅವು ವಿಷಕಾರಿ. ಇಳುವರಿ ಎಷ್ಟು ಪಟ್ಟಾಯಿತೆಂಬುದು ವರದಿಗಳಲ್ಲಿ ಎದ್ದು ಕಾಣುವಷ್ಟು, ಕಿಣ್ವ ತೆಗೆದ ಮೇಲೆ ಉಳಿಯುವ ತಾಮ್ರಭರಿತ ದ್ರವವನ್ನು ಎಲ್ಲಿ ಚೆಲ್ಲಬೇಕೆಂಬುದು ಕಾಣುವುದಿಲ್ಲ. ನೀರು ಶುದ್ಧಿಗೊಳಿಸಲು ತಯಾರಾಗುವ ಕಿಣ್ವದ ವಿಚಾರದಲ್ಲಿ ಇದು ಸಣ್ಣ ಮಾತಲ್ಲ.

ಹೊರಗಿನಿಂದ ಬೆರೆಸುವ ಪ್ರಚೋದಕಗಳ ಬದಲು, ಅಂಥವನ್ನು ತನ್ನಲ್ಲೇ ಹೊಂದಿರುವ ಕಾಫಿ ಸಿಪ್ಪೆಯತ್ತಲೂ ಗಮನ ಹರಿದಿದೆ. ಹಣ್ಣಿನ ತೂಕದಲ್ಲಿ ಸುಮಾರು ಶೇ 40ರಷ್ಟಿರುವ ಈ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟುವಸ್ತು ಇದೆ. ಅದರ ಮೇಲೆ ಬೆಳೆದ ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರ, ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಕೊಡುತ್ತದೆ. ಸಿಪ್ಪೆಯ ಒಗರು ವಸ್ತುವಾದ ಟ್ಯಾನಿನ್ ಕೆಲವು ಶಿಲೀಂಧ್ರಗಳಿಗೆ ಅಡ್ಡಿ, ಅದನ್ನು ಒಡೆಯುವ ಟ್ಯಾನೇಸ್ ಕಿಣ್ವ ಕೊಡುವವುಗಳಿಗೆ ಪ್ರಚೋದಕ. ಹೊರಗಿನಿಂದ ಕೊಂಡು ಬೆರೆಸಬೇಕಾದುದರ ಒಂದು ಪಾಲು ಸಿಪ್ಪೆಯಲ್ಲೇ ಇರುವಾಗ ಅದು ಗೊಬ್ಬರದ ಗುಂಡಿ ಸೇರುತ್ತಿರುವುದು ಯಾರೊಬ್ಬರ ಲೋಪವೂ ಅಲ್ಲ. ಕಿಣ್ವ ತಯಾರಿಕೆಗೆ ವರ್ಷವಿಡೀ ಸರಕು ಬೇಕು, ಪಲ್ಪರ್ ತಿರುಗುವುದು ಕುಯ್ಲಿನ ಕೆಲವೇ ತಿಂಗಳು. ಹಸಿ ಸಿಪ್ಪೆ ಬೇಗನೆ ಹುಳಿಯುತ್ತದೆ, ಒಣಗಿಸೋಣವೆಂದರೆ ಆ ದಿನಗಳಲ್ಲಿ ಕಣದ ತುಂಬ ಕಾಫಿಯೇ ಹರಡಿರುತ್ತದೆ.