ಗ್ಲಾಸಿನಲ್ಲಿ ಕಾಳುಮೆಣಸು

ಬೋರ್ಡೋ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಶಿರಸಿಯ ಅಡಿಕೆ ತೋಟದಲ್ಲಿ. ಮಳೆಗಾಲ ಶುರುವಾಗುವ ಹೊತ್ತಿಗೆ ಮೈಲುತುತ್ತು, ಸುಣ್ಣ ಕಲಸಿ ಡ್ರಮ್ಮಿನಲ್ಲಿ ನೀಲಿ ನೀರು ಮಾಡುತ್ತಿದ್ದರು. ಕೊನೆಗೌಡ ಮರ ಹತ್ತಿ ಅಡಿಕೆ ಕೊನೆಗೆ ಅದನ್ನು ಹೊಡೆಯುತ್ತಿದ್ದ, ಕೊಳೆ ಬರಬಾರದು ಅಂತ. ಬೋರ್ಡೋ ಅಂದರೆ ಯಾವುದೋ ಔಷಧ ಕಂಪನಿ ಇರಬೇಕು ಅಂದುಕೊಂಡಿದ್ದೆ. ಅದು ಫ್ರಾನ್ಸಿನ ಒಂದು ಊರು, ವೈನಿಗೆ ಹೆಸರಾದ ಊರು ಅಂತ ತಿಳಿದದ್ದು ಕೆಲಸಕ್ಕೆಂದು ಪುಣೆಗೆ ಬಂದು, ವೈನಿನ ಹುಚ್ಚು ಹತ್ತಿದ ಮೇಲೆ.

ಆ ದ್ರಾವಣದ ಕಥೆ ಚೆನ್ನಾಗಿದೆ. ಬೋರ್ಡೋ ಸೀಮೆಯ ರೈತರು ದಾರಿಬದಿಯ ದ್ರಾಕ್ಷಿ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ! ನೀಲಿ ಬಣ್ಣ ನೋಡಿದರೆ ದಾರಿಹೋಕರು ಹಣ್ಣು ಮುಟ್ಟುವುದಿಲ್ಲ ಅಲ್ವಾ? ಅದೇ ಕಾಲಕ್ಕೆ ಅಮೆರಿಕದಿಂದ ಬಂದ ಬೂಜುರೋಗ ತೋಟಗಳನ್ನೆಲ್ಲ ತಿನ್ನುತ್ತಿತ್ತು. ದಾರಿಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಈ ಮದ್ದಿನ ವಿವರ ಪ್ರಕಟಿಸಿದರು. ಸುಮಾರು 1910ರ ಹೊತ್ತಿಗೆ ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ದ್ರಾಕ್ಷಿಯ ಬೂಜು, ಅಡಿಕೆಯ ಕೊಳೆ, ಎರಡೂ ಒಂದೇ ಬಳಗದ ಜೀವಿಗಳ ಕೆಲಸ. ಹಾಗಾಗಿ ಮದ್ದೂ ಒಂದೇ ಆಯಿತು.

ಹೋದ ಫೆಬ್ರವರಿಯಲ್ಲಿ ನಾಸಿಕ್ ಕಡೆ ವೈನ್ ತೋಟ ನೋಡಲು ಹೊರಟಾಗ ನನ್ನ ಜೊತೆ ಬಂದವನು ವಿಜಯಪುರದ ಗೆಳೆಯ. ಅವನದು ಒಣದ್ರಾಕ್ಷಿ ಮಾಡುವ ಮನೆತನ. ಅವನು ವೈನ್ ಕುಡಿಯುವುದು ಅಪರೂಪ, ಆದರೆ ಬಳ್ಳಿ ನೋಡಿದರೆ ಜಾತಕ ಹೇಳುತ್ತಾನೆ. ನಾನು ತದ್ವಿರುದ್ಧ. ಪುಣೆಯಲ್ಲಿ ಇರುವವರಿಗೆ ಈ ಹುಚ್ಚು ಸಲೀಸು. ನಾಸಿಕ್ ಸುಮಾರು 210 ಕಿಲೋಮೀಟರ್. ಇನ್ನೊಂದು ದಿಕ್ಕಿಗೆ ಬಾರಾಮತಿ, ಅಕಲೂಜ್ ಕಡೆಯೂ ವೈನ್ ತೋಟಗಳಿವೆ.

ತೋಟದಲ್ಲಿ ಶಿರಾಜ್ ಅನ್ನುವ ಕಪ್ಪು ವೈನ್ ದ್ರಾಕ್ಷಿಯ ಗೊಂಚಲು ನೋಡಿ ಗೆಳೆಯ ನಕ್ಕ. "ಇವೇನಪಾ, ಗೋಲಿಗಿಂತ ಸಣ್ಣ ಅದಾವ. ನಮ್ಮ ಪಡದಾಗ ಇಂಥಾ ಕಾಯಿ ಬಿಟ್ಟಿದ್ರ ನಮ್ಮಪ್ಪ ಔಷಧ ಅಂಗಡ್ಯಾವನ್ನ ಹಿಡದ ಬೈತಿದ್ದ."

ಅವರ ಕಡೆ ತಿನ್ನುವ ಥಾಮ್ಸನ್ ದ್ರಾಕ್ಷಿ ದಪ್ಪ ಆಗಲಿ ಅಂತ ಜಿ.ಎ. (ಜಿಬ್ಬರೆಲಿಕ್ ಆಮ್ಲ) ಔಷಧದಲ್ಲಿ ಗೊಂಚಲು ಅದ್ದುತ್ತಾರೆ. ವೈನಿಗೆ ಬೇಕಾದದ್ದು ಸಣ್ಣ ಕಾಯಿಯೇ. ಕೆಂಪು ವೈನಿನ ಬಣ್ಣ, ಒಗರು, ವಾಸನೆಯ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಹೆಚ್ಚಿನ ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿ, ರಸ ಬೆಳ್ಳಗೇ ಬರುತ್ತದೆ. ಕಾಯಿ ಸಣ್ಣದಾದಷ್ಟೂ ರಸದ ಪಾಲಿಗೆ ಸಿಪ್ಪೆ ಜಾಸ್ತಿ. ಒಂದು ಕಾಯಿ ಬಾಯಿಗೆ ಹಾಕಿಕೊಂಡು ಗೆಳೆಯ ಬೀಜ ಉಗುಳಿದ. "ಆದ್ರ ಸಕ್ಕರಿ ಅಂದ್ರ ಸಕ್ಕರಿ ಬಿಡು." ನಿಜವೇ. ವೈನ್ ದ್ರಾಕ್ಷಿ ಕೊಯ್ಯುವಾಗ ನೂರು ಗ್ರಾಂ ರಸದಲ್ಲಿ 22ರಿಂದ 24 ಗ್ರಾಂ ಸಕ್ಕರೆ ಇರಬಹುದು. ಯೀಸ್ಟ್ ಅದನ್ನು ತಿಂದು ಮುಗಿಸಿದರೆ ಶೇಕಡಾ 13ರ ಆಸುಪಾಸಿನ ಆಲ್ಕೋಹಾಲ್.

ನನಗೆ ನಿಜಕ್ಕೂ ಅಚ್ಚರಿ ತಂದದ್ದು ಕತ್ತರಿಯ ಕೆಲಸ. ಯುರೋಪಿನಲ್ಲಿ ಚಳಿಗೆ ಎಲೆ ಉದುರುತ್ತದೆ, ಬಳ್ಳಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೆ ಋತುವನ್ನು ಕತ್ತರಿಯಿಂದಲೇ ಮಾಡಬೇಕು. ಗೆಳೆಯನ ಬಾಯಲ್ಲಿ ಅದು ಚಾಟ್ನಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಚಾಟ್ನಿ, ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಚಾಟ್ನಿ. ಏಪ್ರಿಲ್‌ನಲ್ಲಿ ಬಳ್ಳಿಯನ್ನು ಬೋಳಿಸಿದಂತೆ ಕತ್ತರಿಸುತ್ತಾರೆ. ಹೊಸ ಕುಡಿ ಬರುತ್ತದೆ. ಆ ಕುಡಿಯ ಮೊಗ್ಗುಗಳೊಳಗೆ, ಕಣ್ಣಿಗೆ ಕಾಣದ ಹಾಗೆ, ಮುಂದಿನ ಗೊಂಚಲಿನ ಮೊಳಕೆ ಕೂರುತ್ತದೆ. ಬಿಸಿಲು ಚೆನ್ನಾಗಿ ಬಿದ್ದರೆ ಮಾತ್ರ. ಮೋಡ ಕವಿದರೆ ಮೊಗ್ಗು ಬರೀ ಎಲೆ, ಬಳ್ಳಿಯಾಗಿ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಇದೇ ಮೊಗ್ಗುಗಳನ್ನು ಉಳಿಸಿ ತುದಿ ಕತ್ತರಿಸಿದಾಗ ಗೊಂಚಲು ಹೊರಬರುತ್ತದೆ. ಎರಡು ಸಲ ಕತ್ತರಿ, ಒಂದೇ ಬೆಳೆ. ಫ್ರಾನ್ಸಿನವರು ಸೆಪ್ಟೆಂಬರ್ ಹೊತ್ತಿಗೆ ಕೊಯ್ದರೆ ನಾವು ಜನವರಿಯಿಂದ ಮಾರ್ಚ್‌ವರೆಗೆ. ಆಗ ಮಳೆಯಿಲ್ಲ, ಬೂಜಿನ ಕಾಟ ಕಡಿಮೆ, ರಾತ್ರಿ ತಂಪು. ಆ ತಂಪು ಬೇಕೇ ಬೇಕು. ಹಣ್ಣಿನ ಮ್ಯಾಲಿಕ್ ಆಮ್ಲವನ್ನು ಬಳ್ಳಿ ಬಿಸಿಗೆ ಬೇಗ ಉರಿಸಿಬಿಡುತ್ತದೆ. ಹುಳಿ ಹೋದ ವೈನ್ ಅಂದರೆ ಹುಣಸೆಹಣ್ಣು ಹಾಕದ ಸಾರು.

ಮಧ್ಯಾಹ್ನ ರುಚಿ ನೋಡುವ ಕೋಣೆಗೆ ಹೋದೆವು. ಅಲ್ಲಿ ಕೊಟ್ಟ ಚೀಟಿಯಲ್ಲಿ ವೈನಿನ ವಾಸನೆ ಗೂಸ್‌ಬೆರಿ, ಬ್ಲ್ಯಾಕ್‌ಕರೆಂಟ್ ಹಣ್ಣಿನ ಹಾಗೆ ಅಂತೆಲ್ಲ ಬರೆದಿತ್ತು. ಅವುಗಳಲ್ಲಿ ಒಂದನ್ನೂ ನಾನು ಹಸಿಯಾಗಿ ತಿಂದಿಲ್ಲ. ಚೀಟಿ ಮಡಚಿಟ್ಟು ಸುಮ್ನೆ ಮೂಸಿದೆ. ಕ್ಯಾಬರ್ನೆ ಸುವಿನ್ಯೋನ್ ಅನ್ನುವ ಕಪ್ಪು ದ್ರಾಕ್ಷಿಯ ಕೆಂಪು ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ! ಇದು ಕಲ್ಪನೆಯಲ್ಲ. ದೊಣ್ಣೆಮೆಣಸಿನಕಾಯಿಯಲ್ಲಿರುವ ಪೈರಾಜಿನ್ ಅನ್ನುವ ಸಂಯುಕ್ತವೇ ಈ ದ್ರಾಕ್ಷಿಯಲ್ಲೂ ಇದೆ. ಹಣ್ಣು ಮಾಗಿದಂತೆ, ಬಿಸಿಲು ಬಿದ್ದಂತೆ ಕಡಿಮೆಯಾಗುತ್ತದೆ. ಬಿಳಿ ಸುವಿನ್ಯೋನ್ ಬ್ಲಾಂಕ್‌ನಲ್ಲೂ ಅದೇ ವಾಸನೆ ಯಾಕೆ ಅಂತ ತಲೆಕೆಡಿಸಿಕೊಂಡಿದ್ದೆ. 1997ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಡಿಎನ್‌ಎ ನೋಡಿ ಹೇಳಿದ್ದರು: ಕ್ಯಾಬರ್ನೆ ಸುವಿನ್ಯೋನ್ ಅನ್ನುವುದು ಕ್ಯಾಬರ್ನೆ ಫ್ರಾಂಕ್ ಮತ್ತು ಸುವಿನ್ಯೋನ್ ಬ್ಲಾಂಕ್‌ನ ಮಗು. ಮನೆತನದ ವಾಸನೆ, ಅಷ್ಟೇ.

ಆಮೇಲೆ ಶಿರಾಜ್. ಮೂಗಿನ ಹತ್ತಿರ ತಂದ ಕೂಡಲೇ ನನಗೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ, ಅಂಗಳದಲ್ಲಿ ಹರವಿದ ಕಾಳುಮೆಣಸು ನೆನಪಾಯಿತು. ರೊಟಂಡೋನ್ ಅನ್ನುವ ಇದರ ಗುಟ್ಟನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಬಯಲು ಮಾಡಿದರು. ಕಾಳುಮೆಣಸಿನಲ್ಲೂ ಇರುವ ವಸ್ತುವೇ ಅದು. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಒಂದು ಗ್ರಾಂನ ನೂರು ಕೋಟಿಯ ಒಂದು ಪಾಲು ಅಂದರೆ ಒಂದು ನ್ಯಾನೋಗ್ರಾಂ.

"ಕಾಳುಮೆಣಸು ನೋಡು ಮಾರಾಯ," ಅಂತ ಗೆಳೆಯನ ಕೈಗೆ ಗ್ಲಾಸ್ ಕೊಟ್ಟೆ. ಮೂರು ಸಲ ಮೂಸಿದ. "ಹಣ್ಣಿನ ವಾಸನಿ ಐತಿ. ಮೆಣಸು ಎಲ್ಲೈತೋ? ಸುಳ್ಳ ಹೇಳಬ್ಯಾಡ."

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ನೀರಿನಲ್ಲಿ ಬಹಳ ಜಾಸ್ತಿ ಹಾಕಿದರೂ ರೊಟಂಡೋನ್ ವಾಸನೆ ಹತ್ತಲಿಲ್ಲ. ಪುಣೆಗೆ ಮರಳಿದ ರಾತ್ರಿ ನಮ್ಮ ಮನೆಯಲ್ಲಿ ಮೆಣಸಿನ ಸಾರು ಮಾಡಿದೆ. ಅದರ ವಾಸನೆ ಅವನಿಗೆ ಚೆನ್ನಾಗಿಯೇ ಹತ್ತಿತು, ಮೆಣಸಿನಲ್ಲಿ ಬೇರೆ ಘಾಟುಗಳೂ ಇವೆಯಲ್ಲ. ಅಲ್ಲಿಂದ ತಂದ ಶಿರಾಜ್ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದು ಮತ್ತೆ ಮೂಸಿಸಿದೆ. ನನ್ನ ನೋಟುಪುಸ್ತಕ ಕಿತ್ತುಕೊಂಡು, ನಾನು "ಕಾಳುಮೆಣಸು" ಅಂತ ಬರೆದಿದ್ದರ ಪಕ್ಕದಲ್ಲೇ ದೊಡ್ಡದಾಗಿ ಬರೆದ: "ಏನೂ ಇಲ್ಲ."